ಕ್ಯಾನಿಗೆ ಸುರಿಯುವ ಮುನ್ನ ಮನೆಯ ಪಾಲು



ಹಸುವಿಗೆ ಏನು ತಿನ್ನಿಸಬೇಕು, ಎಷ್ಟು ತಿನ್ನಿಸಬೇಕು ಎಂಬುದರ ಬಗ್ಗೆ ಈ ಪತ್ರಿಕೆಯಲ್ಲಿ ನೀವು ಸಾಕಷ್ಟು ಓದಿದ್ದೀರಿ. ಆ ಹಸುವನ್ನು ಸಾಕುವ ಮನೆಯವರು ಏನು ಉಣ್ಣುತ್ತಾರೆ ಎಂದು ನಾವು ಕೇಳುವುದು ಅಪರೂಪ. ಈ ಬಾರಿ ಅದನ್ನೇ ವಿಚಾರ ಮಾಡೋಣ.

ನಮ್ಮ ಹಳ್ಳಿಗಳಲ್ಲಿ ಒಂದು ವಿಚಿತ್ರ ಸಂಗತಿಯನ್ನು ನೀವೂ ಗಮನಿಸಿರಬಹುದು. ಕೊಟ್ಟಿಗೆಯಲ್ಲಿ ಎರಡು ಕರೆಯುವ ಹಸುಗಳಿರುತ್ತವೆ. ದಿನಕ್ಕೆ ಹದಿನೈದು ಲೀಟರ್ ಹಾಲು ಡೈರಿಗೆ ಹೋಗುತ್ತದೆ. ಆದರೆ ಮನೆಗೆ ನೆಂಟರು ಬಂದರೆ ಟೀಗೆ ಹಾಲಿಲ್ಲವೆಂದು ಪಕ್ಕದ ಮನೆಗೆ ಲೋಟ ಹಿಡಿದು ಹೋಗುತ್ತಾರೆ. ಮಕ್ಕಳು ಬೆಳಿಗ್ಗೆ ಹಾಲಿಲ್ಲದ ಟೀಯಲ್ಲಿ ಬಿಸ್ಕತ್ತು ಅದ್ದಿಕೊಂಡು ತಿಂದು ಶಾಲೆಗೆ ಹೊರಡುತ್ತಾರೆ. ಎಲ್ಲ ಮನೆಗಳಲ್ಲೂ ಹೀಗಿಲ್ಲ, ನಿಜ. ಆದರೆ ಹೀಗಿರುವ ಮನೆಗಳು ಕಡಿಮೆಯೇನಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕೊಟ್ಟಿಗೆಯ ಹಾಲಿಗೂ ಅನ್ವಯಿಸುತ್ತಿದೆ.

ಡೈರಿಗೆ ಹಾಲು ಹಾಕುವುದು ತಪ್ಪೆಂದು ಇಲ್ಲಿ ಹೇಳುತ್ತಿಲ್ಲ. ಹಾಲಿನ ಬಟವಾಡೆಯಿಂದಲೇ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ, ಎಷ್ಟೋ ಮಕ್ಕಳು ಓದುತ್ತಿದ್ದಾರೆ. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ರೈತರು ತಮ್ಮದೇ ಒಕ್ಕೂಟ ಕಟ್ಟಿಕೊಂಡದ್ದು, 1974ರ ನಂತರ ನಮ್ಮ ರಾಜ್ಯದಲ್ಲಿ ಆ ಮಾದರಿಯ ಸಂಘಗಳು ಬೆಳೆದದ್ದು ಹಾಲು ಉತ್ಪಾದಕರಿಗೆ ನ್ಯಾಯವಾದ ಬೆಲೆ ಸಿಗಲೆಂದು. ಉತ್ಪಾದಕರ ಮನೆಯ ಪಾತ್ರೆ ಬರಿದಾಗಲೆಂದು ಯಾರೂ ಸಂಘ ಕಟ್ಟಲಿಲ್ಲ. ಆದ್ದರಿಂದ ಕ್ಯಾನಿಗೆ ಸುರಿಯುವ ಮುನ್ನ ಮನೆಯ ಪಾಲನ್ನು ಎತ್ತಿಡಿ ಎಂಬುದೇ ಈ ಲೇಖನದ ಸಾರ.

ಒಂದು ಲೋಟ ಹಾಲಿನ ಹಿಂದೆ

ನಾವು ದಿನವೂ ಮಾಡುವ ಕೆಲಸದ ಬೆಲೆ ನಮಗೇ ಮರೆತುಹೋಗುತ್ತದೆ. ಅದಕ್ಕಾಗಿ ಒಂದು ಸಣ್ಣ ಲೆಕ್ಕ ನೋಡಿ.

ಚೆನ್ನಾಗಿ ಸಾಕಿದ ಮಿಶ್ರತಳಿ ಕರು ಮೊದಲ ಸಲ ಕರು ಹಾಕುವುದಕ್ಕೆ ಸುಮಾರು ಎರಡೂವರೆ ವರ್ಷ ಬೇಕು. ಅದರಲ್ಲಿ ಒಂಬತ್ತು ತಿಂಗಳಿಗೂ ಸ್ವಲ್ಪ ಹೆಚ್ಚು ಕಾಲ ಗಬ್ಬದ ಅವಧಿ. ಅಂದರೆ ಇಂದು ಲೋಟದಲ್ಲಿರುವ ಹಾಲಿಗಾಗಿ ನೀವು ಎರಡೂವರೆ ವರ್ಷ ಮೊದಲೇ ದುಡಿಯಲು ಆರಂಭಿಸಿದ್ದೀರಿ.

ಹಸುವಿನ ಕೆಲಸವೂ ಸಣ್ಣದಲ್ಲ. ಒಂದು ಲೀಟರ್ ಹಾಲು ತಯಾರಾಗಬೇಕಾದರೆ ಕೆಚ್ಚಲಿನ ಮೂಲಕ ಸುಮಾರು 400ರಿಂದ 500 ಲೀಟರ್ ರಕ್ತ ಹರಿದುಹೋಗಬೇಕು. ಹತ್ತು ಲೀಟರ್ ಹಾಲಿಗೆ ನಾಲ್ಕೈದು ಸಾವಿರ ಲೀಟರ್! ಅದೇ ರಕ್ತ ಮತ್ತೆ ಮತ್ತೆ ಸುತ್ತಿ ಬರುತ್ತದೆ. ಹಗಲೂ ರಾತ್ರಿಯೂ ಅಷ್ಟನ್ನೂ ಹರಿಸುವುದು ಹಸುವಿನ ಒಂದೇ ಹೃದಯ.

ಹತ್ತು ಲೀಟರ್ ಕೊಡುವ ಹಸುವಿಗೆ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕೆ.ಜಿ. ಹಸಿರು ಮೇವು, ಐದಾರು ಕೆ.ಜಿ. ಒಣ ಹುಲ್ಲು, ಐದೂವರೆ ಕೆ.ಜಿ.ಯಷ್ಟು ಪಶು ಆಹಾರ, ಐವತ್ತು ಲೀಟರಿಗೂ ಹೆಚ್ಚು ನೀರು ಬೇಕು. ಈ ಮೇವನ್ನು ಕೊಯ್ದು ಹೊತ್ತು ತರುವವರು ಯಾರು? ಸಗಣಿ ಬಾಚುವವರು ಯಾರು? ಬೆಳಗಿನ ಜಾವ ಐದಕ್ಕೇ ಎದ್ದು ಕೆಚ್ಚಲು ತೊಳೆಯುವವರು ಯಾರು? ಹೆಚ್ಚಿನ ಮನೆಗಳಲ್ಲಿ ಇದು ಹೆಣ್ಣುಮಕ್ಕಳ ಕೆಲಸ. ಈ ಕೆಲಸಕ್ಕೆ ಭಾನುವಾರವಿಲ್ಲ, ಯುಗಾದಿಯೂ ಇಲ್ಲ.

ಇಂಥ ದುಡಿಮೆಗೆ ಪ್ರಪಂಚದಲ್ಲಿ ಕುಟುಂಬ ಕೃಷಿ ಎಂದು ಹೆಸರು. ವಿಶ್ವಸಂಸ್ಥೆ 2014ನೇ ಇಸವಿಯನ್ನು ಕುಟುಂಬ ಕೃಷಿಯ ವರ್ಷವೆಂದೂ, 2019ರಿಂದ 2028ರವರೆಗಿನ ಅವಧಿಯನ್ನು ಕುಟುಂಬ ಕೃಷಿಯ ದಶಕವೆಂದೂ, 2026ನ್ನು ರೈತ ಮಹಿಳೆಯರ ವರ್ಷವೆಂದೂ ಘೋಷಿಸಿದೆ. ನಮ್ಮ ದೇಶದ 2015-16ರ ಕೃಷಿ ಗಣತಿಯ ಪ್ರಕಾರ ನೂರಕ್ಕೆ 86 ಹಿಡುವಳಿಗಳು ಐದು ಎಕರೆಗಿಂತ ಕಡಿಮೆಯವು. ದೇಶಕ್ಕೆ ಅನ್ನ ಹಾಲು ಕೊಡುತ್ತಿರುವವರಲ್ಲಿ ಬಹುಪಾಲು ನಿಮ್ಮಂಥ ಸಣ್ಣ ರೈತರೇ. ಆದರೆ ಅನ್ನ ಕೊಡುವವರ ತಟ್ಟೆಯೇ ಬಡವಾಗಿದ್ದರೆ ಆ ಗೌರವಕ್ಕೆ ಅರ್ಥವೇನು?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಈ ಮಕ್ಕಳು, ಈ ತಾಯಂದಿರು ಎಲ್ಲೋ ದೂರದಲ್ಲಿರುವವರಲ್ಲ.

ಯಾರ ಪಾಲು ಮೊದಲು?

ಮೊದಲ ಪಾಲು ಕರುವಿನದು. ತಾಯಿಯ ಗರ್ಭದಲ್ಲಿರುವಾಗ ಕರುವಿಗೆ ರೋಗನಿರೋಧಕ ಶಕ್ತಿ ದಾಟಿ ಬರುವುದಿಲ್ಲ. ಅದು ಬರುವುದು ಗಿಣ್ಣು ಹಾಲಿನಿಂದ. ಹುಟ್ಟಿದ ಒಂದು ಗಂಟೆಯೊಳಗೆ ಕರುವಿಗೆ ಗಿಣ್ಣು ಕುಡಿಸಬೇಕು. ಮೊದಲ ದಿನ ಅದರ ತೂಕದ ಹತ್ತನೇ ಒಂದು ಭಾಗ, ಅಂದರೆ 25-30 ಕೆ.ಜಿ. ತೂಕದ ಕರುವಿಗೆ ಎರಡೂವರೆಯಿಂದ ಮೂರು ಲೀಟರ್, ಎರಡು ಮೂರು ಸಲವಾಗಿ ಕೊಡಬೇಕು. ಒಂದು ದಿನ ಕಳೆದ ಮೇಲೆ ಕರುವಿನ ಕರುಳು ಆ ಶಕ್ತಿಯನ್ನು ಹೀರಿಕೊಳ್ಳಲಾರದು. ಗಿಣ್ಣು ಕಾಯಿಸಿ ಬೆಲ್ಲ ಹಾಕಿ ನೆರೆಹೊರೆಗೆ ಹಂಚುವ ಪದ್ಧತಿ ಬಹಳ ಚೆನ್ನಾಗಿದೆ. ಆದರೆ ಅದು ಕರು ಕುಡಿದು ಮಿಕ್ಕಿದ್ದರಲ್ಲಿ ಆಗಬೇಕು. ಇಂದು ಕರುವಿನ ಪಾಲು ಕಸಿದರೆ ಮುಂದಿನ ಹಸುವನ್ನೇ ಕಳೆದುಕೊಂಡಂತೆ.

ಎರಡನೇ ಪಾಲು ಮಕ್ಕಳದು. ಹುಟ್ಟಿದ ಮಗುವಿಗೆ ಆರು ತಿಂಗಳು ತುಂಬುವವರೆಗೆ ತಾಯಿಯ ಎದೆಹಾಲು ಮಾತ್ರ ಸಾಕು, ಹಸುವಿನ ಹಾಲು ಬೇಡ. ವರ್ಷ ತುಂಬುವವರೆಗೂ ಎದೆಹಾಲಿಗೆ ಬದಲಾಗಿ ಹಸುವಿನ ಹಾಲನ್ನು ಕೊಡಬಾರದು. ಅಲ್ಲಿಂದ ಮುಂದೆ ಬೆಳೆಯುವ ಮಕ್ಕಳಿಗೆ ದಿನವೂ ಹಾಲು, ಮೊಸರು ಬೇಕು. ಮೂಳೆಗೆ ಸುಣ್ಣದ ಅಂಶ, ಮೈ ಬೆಳೆಯಲು ಸಸಾರಜನಕ, ಮಾಂಸ ಮೊಟ್ಟೆ ತಿನ್ನದವರಿಗೆ ಬಿ12 ಜೀವಸತ್ವ ಎಲ್ಲವೂ ಇದರಲ್ಲಿವೆ. ಆದರೆ ಹಾಲಿನಲ್ಲಿ ಕಬ್ಬಿಣದ ಅಂಶ ತೀರ ಕಡಿಮೆ. ಆದ್ದರಿಂದ ಬರೀ ಹಾಲು ಕುಡಿಸಿ ಊಟ ಬಿಡಿಸಬಾರದು. ಸೊಪ್ಪು, ಹುರುಳಿ, ಅವರೆ, ಹೆಸರುಕಾಳು ಜೊತೆಗಿರಲಿ. ಶಾಲಾ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ 2013ರಲ್ಲಿ ಆರಂಭವಾಯಿತು. ನೀವು ಡೈರಿಗೆ ಹಾಕಿದ ಹಾಲೇ ಪುಡಿಯಾಗಿ ಶಾಲೆಗೆ ಬಂದು ನಿಮ್ಮ ಮಗುವಿನ ಲೋಟ ಸೇರುತ್ತದೆ. ಶಾಲೆಯ ಹಾಲು ಒಳ್ಳೆಯದೇ. ಆದರೆ ಮನೆಯಲ್ಲಿ ಹಸುವಿದ್ದೂ ಮಗು ಹಾಲಿನ ರುಚಿ ನೋಡುವುದು ಶಾಲೆಯಲ್ಲಿ ಮಾತ್ರ ಎಂದಾಗಬಾರದು.

ಮೂರನೇ ಪಾಲು ತಾಯಿಯದು. ಹಾಲು ಕರೆಯುವವಳು, ಅಡುಗೆ ಮಾಡುವವಳು, ಎಲ್ಲರಿಗೂ ಬಡಿಸುವವಳು ಕೊನೆಗೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಣ್ಣುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಗಬ್ಬದ ಹಸುವಿಗೆ ಕೊನೆಯ ಎರಡು ತಿಂಗಳು ಹೆಚ್ಚಿಗೆ ಪಶು ಆಹಾರ ಹಾಕಿ ಎಂದರೆ ನೀವು ತಪ್ಪದೆ ಹಾಕುತ್ತೀರಿ. ಬಸುರಿ, ಬಾಣಂತಿಯರ ವಿಷಯದಲ್ಲೂ ಅಷ್ಟೇ ಕಾಳಜಿ ಬೇಡವೇ? ಮಗುವಿಗೆ ಹಾಲೂಡಿಸುವ ತಾಯಿಗೆ ದಿನಕ್ಕೆ 1,200 ಮಿಲಿಗ್ರಾಂ ಸುಣ್ಣದ ಅಂಶ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಊಟದಲ್ಲಿ ಅದು ಸಿಗದಿದ್ದರೆ ದೇಹವು ತಾಯಿಯ ಮೂಳೆಯಿಂದಲೇ ತೆಗೆದು ಹಾಲಿಗೆ ಕೊಡುತ್ತದೆ. ಈ ವಿಷಯದಲ್ಲಿ ಹಸುವಿಗೂ ಹೆಣ್ಣಿಗೂ ವ್ಯತ್ಯಾಸವಿಲ್ಲ.

ಎಷ್ಟು ಇಟ್ಟುಕೊಳ್ಳಬೇಕು?

ಒಬ್ಬರಿಗೆ ದಿನಕ್ಕೆ ಸುಮಾರು 300 ಮಿಲಿಲೀಟರ್ ಹಾಲು ಅಥವಾ ಮೊಸರು ಇರಲಿ ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಲಹೆ. ಐದು ಜನರ ಮನೆಗೆ ಇದು ಒಂದೂವರೆ ಲೀಟರ್ ಆಗುತ್ತದೆ. ಅಷ್ಟು ಸಾಧ್ಯವಾಗದಿದ್ದರೆ ಒಂದು ಲೀಟರಾದರೂ ಇರಲಿ, ಮಕ್ಕಳಿಗೂ ಬಸುರಿ ಬಾಣಂತಿಯರಿಗೂ ಅದರಲ್ಲಿ ಮೊದಲ ಹಕ್ಕು. 300 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದ ಅಂಶವಿದೆ. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು. ಎರಡೂ ಸೇರಿದರೆ ದೊಡ್ಡವರ ದಿನದ ಅಗತ್ಯವಾದ ಸಾವಿರ ಮಿಲಿಗ್ರಾಂನಲ್ಲಿ ಅರ್ಧಕ್ಕಿಂತ ಹೆಚ್ಚು ಬಂದಂತಾಯಿತು. ಇವೆರಡೂ ನಿಮ್ಮ ಮನೆಯಲ್ಲೇ ಬೆಳೆಯುವಂಥವು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಮೊಸರು, ಮಜ್ಜಿಗೆ ಹೆಚ್ಚು ಒಗ್ಗುತ್ತದೆ.

ಮನೆಯ ಪಾಲನ್ನು ತೆಗೆಯುವ ಕ್ರಮವೂ ಮುಖ್ಯ. ಮೊದಲು ಕರೆದ ಹಾಲಿನಲ್ಲಿ ಜಿಡ್ಡು ಕಡಿಮೆ, ಕೊನೆಯಲ್ಲಿ ಕರೆದ ಹಾಲಿನಲ್ಲಿ ಹೆಚ್ಚು. ಆದ್ದರಿಂದ ಪೂರ್ತಿ ಕರೆದು, ಚೆನ್ನಾಗಿ ಕಲಕಿ, ಆಮೇಲೆ ಮನೆಗೆ ಎತ್ತಿಟ್ಟು ಉಳಿದದ್ದನ್ನು ಡೈರಿಗೆ ಒಯ್ಯಿರಿ. ಆಗ ಫ್ಯಾಟ್ ಇಳಿಯುವುದಿಲ್ಲ. ಎತ್ತಿಟ್ಟ ಹಾಲಿನ ಜಾಗಕ್ಕೆ ಬೋರ್‌ವೆಲ್ ನೀರು ಸೇರುವುದು ಬೇಡ. ಅದು ಡಿಗ್ರಿಯಲ್ಲಿ ಗೊತ್ತಾಗುತ್ತದೆ, ಇಡೀ ಸಂಘದ ಹಾಲಿನ ಹೆಸರೂ ಕೆಡುತ್ತದೆ.

ಮನೆಯಲ್ಲಿ ಹಾಲನ್ನು ಕಾಯಿಸಿಯೇ ಬಳಸಿ. ನಮ್ಮ ಹಸುವಿನದೇ ತಾನೆ ಎಂದು ಹಸಿ ಹಾಲು ಕುಡಿಯಬೇಡಿ. ಹಸು ಕಂದು ಹಾಕುವುದಕ್ಕೆ ಕಾರಣವಾಗುವ ಬ್ರುಸೆಲ್ಲೋಸಿಸ್ ರೋಗ ಮತ್ತು ಕ್ಷಯ ರೋಗ ಹಸಿ ಹಾಲಿನಿಂದ ಮನುಷ್ಯರಿಗೆ ಬರುತ್ತವೆ.

'ಹಣ ಬೇಕಲ್ಲ ಸ್ವಾಮಿ?'

ಹಳ್ಳಿಗಳಲ್ಲಿ ಈ ಮಾತು ಹೇಳಿದಾಗ ಬರುವ ಉತ್ತರ ಇದು. ಪಶು ಆಹಾರದ ಬಾಕಿ, ಹಸು ಸಾಲದ ಕಂತು, ಮಕ್ಕಳ ಫೀಸು ಎಲ್ಲಕ್ಕೂ ಬಟವಾಡೆಯೇ ಆಧಾರ. ಈ ಮಾತಿನಲ್ಲಿ ಸತ್ಯವಿದೆ. ಆದರೂ ಎರಡು ಲೆಕ್ಕ ಮಾಡಿ ನೋಡಿ.

ಮೊದಲನೆಯದು ಅಂಗಡಿಯ ಲೆಕ್ಕ. ಒಂದು ವಾರದಲ್ಲಿ ಬಿಸ್ಕತ್ತು, ಕುರುಕಲು ತಿಂಡಿ, ಬಣ್ಣದ ಪಾನೀಯ, ಬೆಳವಣಿಗೆಯ ಪುಡಿ ಎಂದು ಮನೆಯಲ್ಲಿ ಖರ್ಚಾಗುವ ಹಣವನ್ನು ಒಂದು ಕಾಗದದಲ್ಲಿ ಬರೆಯಿರಿ. ಅದರ ಪಕ್ಕದಲ್ಲಿ ಏಳು ಲೀಟರ್ ಹಾಲಿಗೆ ನಿಮಗೆ ಬರುವ ಹಣ ಬರೆಯಿರಿ. ಒಳ್ಳೆಯದನ್ನು ಮಾರಿ ಸಾರವಿಲ್ಲದ್ದನ್ನು ಕೊಂಡು ತರುತ್ತಿದ್ದೇವೆಯೇ ಎಂಬುದು ನಿಮಗೇ ತಿಳಿಯುತ್ತದೆ.

ಎರಡನೆಯದು ಕೊಟ್ಟಿಗೆಯ ಲೆಕ್ಕ. ಮನೆಗೆ ಇಟ್ಟುಕೊಂಡ ಒಂದು ಲೀಟರನ್ನು ಹಸುವಿನಿಂದಲೇ ಮರಳಿ ಪಡೆಯಲು ಹಲವು ದಾರಿಗಳಿವೆ.

1. ನೀರು: ಹಾಲಿನಲ್ಲಿ ನೂರಕ್ಕೆ 87 ಪಾಲು ನೀರು. ದಿನಕ್ಕೆ ಎರಡು ಸಲ ಬಕೆಟ್ ತೋರಿಸಿದರೆ ಸಾಲದು. ಹಗಲೂ ರಾತ್ರಿ ಹಸುವಿನ ಬಾಯಿಗೆ ಎಟಕುವಂತೆ ತೊಟ್ಟಿಯಲ್ಲಿ ಶುದ್ಧ ನೀರಿರಲಿ. ಇದಕ್ಕೆ ಖರ್ಚು ಬಹಳ ಕಡಿಮೆ, ಫಲ ಮಾತ್ರ ಬೇಗ ಕಾಣುತ್ತದೆ.

2. ಪಶು ಆಹಾರ: ಹಸುವಿನ ದೇಹಪೋಷಣೆಗೆ ಒಂದೂವರೆ ಕೆ.ಜಿ., ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆ.ಜಿ. ಎಂಬ ಲೆಕ್ಕ ಇಟ್ಟುಕೊಳ್ಳಿ. ಎಲ್ಲ ಹಸುಗಳಿಗೂ ಒಂದೇ ಅಳತೆ ಹಾಕಿದರೆ ಹೆಚ್ಚು ಕರೆಯುವ ಹಸು ಸೊರಗುತ್ತದೆ, ಬತ್ತಿದ ಹಸು ಕೊಬ್ಬುತ್ತದೆ.

3. ಖನಿಜ ಮಿಶ್ರಣ: ದಿನಕ್ಕೆ ಸುಮಾರು 50 ಗ್ರಾಂ. ಹಾಲಿಗೂ, ಸಕಾಲಕ್ಕೆ ಬೆದೆಗೆ ಬರುವುದಕ್ಕೂ ಇದು ಬೇಕು.

4. ಕರೆಯುವ ರೀತಿ: ಹಸು ಸೊರೆಬಿಟ್ಟ ಮೇಲೆ ಐದರಿಂದ ಏಳು ನಿಮಿಷದೊಳಗೆ ಪೂರ್ತಿ ಕರೆದು ಮುಗಿಸಿ. ಗದ್ದಲ, ಹೊಡೆತ, ಹೆದರಿಕೆ ಇದ್ದರೆ ಹಸು ಹಾಲನ್ನು ಏರಿಸಿಕೊಳ್ಳುತ್ತದೆ. ಹೆಬ್ಬೆರಳು ಮಡಿಸಿ ಕರೆಯಬೇಡಿ, ಅಂಗೈ ತುಂಬ ಮೊಲೆ ಹಿಡಿದು ಕರೆಯಿರಿ.

5. ಕೆಚ್ಚಲು ಬಾವು: ಹೊರಗೆ ಕಾಣದ ಕೆಚ್ಚಲು ಬಾವಿನಿಂದಲೇ ಹೆಚ್ಚು ಹಾಲು ನಷ್ಟವಾಗುತ್ತದೆ. ಆಗಾಗ ಹಾಲನ್ನು ಪರೀಕ್ಷೆ ಮಾಡಿಸಿ. ಕರೆದ ಮೇಲೆ ಅರ್ಧ ಗಂಟೆ ಹಸು ಮಲಗದಂತೆ ಮುಂದೆ ಮೇವು ಹಾಕಿ. ಆ ಹೊತ್ತಿನಲ್ಲಿ ಮೊಲೆಯ ತೂತು ಇನ್ನೂ ತೆರೆದಿರುತ್ತದೆ.

ಇವನ್ನು ಸರಿಯಾಗಿ ಪಾಲಿಸದ ಕೊಟ್ಟಿಗೆಗಳಲ್ಲಿ ಕೈತಪ್ಪಿ ಹೋಗುತ್ತಿರುವ ಹಾಲೇ ಮನೆಯ ಪಾಲಿಗೆ ಸಾಕಾಗಬಹುದು.

ಮನೆಯ ಮಗು, ಪಟ್ಟಣದ ಮಗು

ಮನೆಗೆ ಹಾಲು ಇಟ್ಟುಕೊಳ್ಳುವುದರಿಂದ ಇನ್ನೊಂದು ಲಾಭವಿದೆ. ನಮ್ಮ ಮಗು ಕುಡಿಯುವ ಹಾಲೆಂದರೆ ನಮ್ಮ ಎಚ್ಚರಿಕೆ ತಾನಾಗಿಯೇ ಹೆಚ್ಚುತ್ತದೆ. ಕೆಚ್ಚಲು ಬಾವಿಗೆ ಮೊಲೆಯೊಳಗೆ ಔಷಧಿ ಬಿಟ್ಟಾಗ, ಜ್ವರಕ್ಕೆ ಚುಚ್ಚುಮದ್ದು ಕೊಡಿಸಿದಾಗ ಆ ಔಷಧಿಯ ಅಂಶ ಹಾಲಿಗೂ ಇಳಿಯುತ್ತದೆ. ಎಷ್ಟು ದಿನ ಹಾಲು ಬಳಸಬಾರದೆಂದು ಪಶುವೈದ್ಯರು ಹೇಳುತ್ತಾರೋ ಅಷ್ಟು ದಿನ ಆ ಹಾಲು ಮನೆಗೂ ಬೇಡ, ಡೈರಿಗೂ ಬೇಡ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಮುಗ್ಗಿದ ಜೋಳ ತಿಂದ ಹಸುವಿನ ಹಾಲಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಸೇರಬಹುದು. ಎಷ್ಟು ಕಾಯಿಸಿದರೂ ಅದು ಹೋಗುವುದಿಲ್ಲ. ನಿಮ್ಮ ಮಗುವಿಗೆ ಕೊಡಲಾರದ ಹಾಲನ್ನು ಪಟ್ಟಣದ ಮಗುವಿಗೂ ಕಳಿಸಬೇಡಿ. ಅಲ್ಲಿ ಪ್ಯಾಕೆಟ್ ಕತ್ತರಿಸುವ ತಾಯಿ ನಿಮ್ಮನ್ನು ಕಂಡಿಲ್ಲ. ಆದರೂ ನಿಮ್ಮನ್ನು ನಂಬಿಯೇ ಮಗುವಿಗೆ ಹಾಲು ಕುಡಿಸುತ್ತಾಳೆ.

ತಟ್ಟೆಯ ಮುಂದೆ ಕುಳಿತಾಗ

ನಾವು ಬೆಳೆದು ಮಾರುವವರು ಮಾತ್ರವಲ್ಲ, ಕೊಂಡು ಉಣ್ಣುವವರೂ ಹೌದು. ನಮ್ಮ ಸಾರಿನಲ್ಲಿರುವ ತೊಗರಿಬೇಳೆ ಕಲಬುರಗಿ ಕಡೆಯ ಕಪ್ಪು ಮಣ್ಣಿನಲ್ಲಿ ಬೆಳೆದದ್ದಿರಬಹುದು. ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ಕೈಗೆ ಬರುವುದು ಡಿಸೆಂಬರ್-ಜನವರಿಗೆ. ಅಲ್ಲಿಯವರೆಗೂ ಆ ರೈತನ ಕಣ್ಣು ಮಳೆಯ ಮೇಲೆ, ಕಾಯಿಕೊರಕ ಹುಳುವಿನ ಮೇಲೆ. ತುಂಗಭದ್ರಾ ಕಾಲುವೆಯ ಕೆಳಗಿನ ಅಕ್ಕಿ, ಚಿತ್ರದುರ್ಗದ ಈರುಳ್ಳಿ, ಮಂಡ್ಯದ ಬೆಲ್ಲ ಎಲ್ಲದರ ಹಿಂದೆಯೂ ನಿಮ್ಮಂಥದೇ ಒಂದು ಕುಟುಂಬವಿದೆ. ಹಾಲಿಗೆ ಒಂದು ರೂಪಾಯಿ ಕಡಿಮೆಯಾದರೆ ನಮಗೆ ಎಷ್ಟು ನೋವಾಗುತ್ತದೆ! ಸಂತೆಯಲ್ಲಿ ಸೊಪ್ಪಿನ ಕಂತೆಗೆ ಚೌಕಾಸಿ ಮಾಡುವಾಗ ಆ ನೋವು ನೆನಪಿರಲಿ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಉಣ್ಣುವಾಗ ಟಿ.ವಿ., ಮೊಬೈಲ್ ಬದಿಗಿಡಿ. ಮೆಲುಕು ಹಾಕುವ ಅವಕಾಶ ಹಸುವಿಗಿದೆ, ನಮಗಿಲ್ಲ. ನಾವು ಮೊದಲ ಸಲವೇ ಚೆನ್ನಾಗಿ ಅಗಿಯಬೇಕು. ಹೊಟ್ಟೆ ತುಂಬಿತೆಂದು ತಲೆಗೆ ತಿಳಿಯಲು ಸುಮಾರು ಇಪ್ಪತ್ತು ನಿಮಿಷ ಬೇಕು. ಗಬಗಬ ಉಂಡರೆ ಅಷ್ಟರೊಳಗೆ ಹೆಚ್ಚಾಗಿರುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಸೊಪ್ಪು ಕಾಳಿನ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಊಟಕ್ಕೂ ಟೀಗೂ ನಡುವೆ ಒಂದು ಗಂಟೆ ಬಿಡಿ. ದಿನಕ್ಕೆ ಒಂದು ಹೊತ್ತಾದರೂ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿ, ಬಡಿಸುವವರನ್ನೂ ಕೂರಿಸಿಕೊಳ್ಳಿ. ಆಗ ಪಾತ್ರೆಯಲ್ಲಿ ಎಷ್ಟಿದೆ, ಯಾರಿಗೆ ಎಷ್ಟು ಬಂತು ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಮನೆಯ ಹೆಣ್ಣುಮಕ್ಕಳ ತಟ್ಟೆ ತುಂಬಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ.

ಉಳಿದ ಅನ್ನ ಹಸುವಿಗಲ್ಲ

ಮದುವೆ, ಜಾತ್ರೆ, ಬೀಗರೂಟಗಳಲ್ಲಿ ಅನ್ನ ರಾಶಿರಾಶಿ ಉಳಿದಾಗ 'ಚೆಲ್ಲುವುದೇಕೆ, ಹಸುವಿಗಾಯಿತು' ಎಂದು ಬುಟ್ಟಿಗಟ್ಟಲೆ ತಂದು ಸುರಿಯುತ್ತೇವೆ. ಇದು ಬಹಳ ಅಪಾಯಕಾರಿ. ಹಸುವಿನ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳಿಗೆ ಹುಲ್ಲು ಅಭ್ಯಾಸ. ಅನ್ನ, ಪಾಯಸ, ಹಿಟ್ಟು ಒಮ್ಮೆಲೇ ಹೆಚ್ಚು ಬಿದ್ದರೆ ಹುಳಿತು ಆಮ್ಲ ತುಂಬಿಕೊಳ್ಳುತ್ತದೆ. ಹಸು ಮೇವು ಬಿಡುತ್ತದೆ, ಮೆಲುಕು ನಿಲ್ಲಿಸುತ್ತದೆ, ಹುಳಿ ವಾಸನೆಯ ನೀರಿನಂಥ ಭೇದಿ ಆಗುತ್ತದೆ, ಕಣ್ಣು ಗುಳಿಬೀಳುತ್ತದೆ. ಸಕಾಲಕ್ಕೆ ಚಿಕಿತ್ಸೆ ಸಿಗದಿದ್ದರೆ ಒಂದೆರಡು ದಿನಗಳಲ್ಲೇ ಸಾಯಬಹುದು. ಇಂಥ ಲಕ್ಷಣ ಕಂಡ ಕೂಡಲೇ ಪಶುವೈದ್ಯರನ್ನು ಕರೆಸಿ, ಎಷ್ಟು ಅನ್ನ ತಿಂದಿದೆ ಎಂಬುದನ್ನು ಮುಚ್ಚಿಡದೆ ಹೇಳಿ. ಎಂಜಲೆಲೆಯ ಜೊತೆ ಪ್ಲಾಸ್ಟಿಕ್ ಲೋಟ, ಕವರ್ ಹೊಟ್ಟೆ ಸೇರಿದರೆ ಅದು ಇನ್ನೊಂದು ಕಂಟಕ.

ಆದ್ದರಿಂದ ಅನ್ನ ಉಳಿಯದಂತೆ ಅಳತೆ ನೋಡಿ ಮಾಡಿ, ಕೇಳಿ ಬಡಿಸಿ. ಉಳಿದದ್ದು ಕೆಡುವ ಮುನ್ನ ಉಣ್ಣುವವರಿಗೆ ತಲುಪಲಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಯಂತೆ 2022ರಲ್ಲಿ ಪ್ರಪಂಚದಲ್ಲಿ ನೂರು ಕೋಟಿ ಟನ್ನಿಗೂ ಹೆಚ್ಚು ಆಹಾರ ಮನೆ, ಹೋಟೆಲು, ಅಂಗಡಿಗಳಲ್ಲಿ ವ್ಯರ್ಥವಾಯಿತು. ಅಷ್ಟನ್ನೂ ಯಾರೋ ಬಿತ್ತಿ, ಕಳೆ ತೆಗೆದು, ಕೊಯ್ದು ಕೊಟ್ಟಿದ್ದರು.

ನೆನಪಿಡಿ

- ಕರುವಿನ ಪಾಲು, ಮಕ್ಕಳ ಪಾಲು, ತಾಯಿಯ ಪಾಲು ತೆಗೆದಿಟ್ಟು ಉಳಿದ ಹಾಲನ್ನು ಡೈರಿಗೆ ಹಾಕಿ.
- ಮನೆಗೆ ಕನಿಷ್ಠ ಒಂದು ಲೀಟರ್ ಹಾಲು ಇರಲಿ. ಪೂರ್ತಿ ಕರೆದು ಕಲಕಿದ ಮೇಲೆ ಎತ್ತಿಡಿ, ಕಾಯಿಸಿ ಬಳಸಿ.
- ಔಷಧಿ ಕೊಟ್ಟ ಹಸುವಿನ ಹಾಲು ಹೇಳಿದಷ್ಟು ದಿನ ಯಾರಿಗೂ ಬೇಡ.
- ದಿನಕ್ಕೆ ಒಂದು ಹೊತ್ತು ಎಲ್ಲರೂ ಒಟ್ಟಿಗೆ ಉಣ್ಣಿ.
- ಹಬ್ಬ, ಮದುವೆಯ ಅನ್ನವನ್ನು ಹಸುವಿಗೆ ಸುರಿಯಬೇಡಿ.

ನಾಳೆ ಬೆಳಿಗ್ಗೆ ಹಾಲು ಕರೆದು ಕಲಕಿದ ಮೇಲೆ ಮೊದಲ ಒಂದು ಲೀಟರ್ ಅಡುಗೆಮನೆಯ ಪಾತ್ರೆಗೆ ಬೀಳಲಿ. ಒಂದು ತಿಂಗಳು ಹೀಗೆ ಮಾಡಿ ನೋಡಿ. ಅನುಕೂಲವಾದರೆ ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಉಳಿದ ಸದಸ್ಯರಿಗೂ ತಿಳಿಸಿ.